ಇಪ್ಪತ್ತು ವರ್ಷದ ಆಕ್ಟೇವಿಯಾ ಆರ್‌ಎಸ್: ಮತ್ತೊಮ್ಮೆ ಎಫ್‌ಸಿ ಮಾಡಿಸಲೇ, ಹೊಸ ಕಾರು ಕೊಳ್ಳಲೇ?

ತುಂಗಾತೀರ (ಶಿವಮೊಗ್ಗ) ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2005ರ ಡಿಸೆಂಬರಿನಲ್ಲಿ ನೋಂದಣಿಯಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾದ ಹೆಚ್ಚು ಚುರುಕಿನ ಆವೃತ್ತಿ) ಇದೆ. ಮೊದಲ ಹದಿನೈದು ವರ್ಷ ಮುಗಿದ ಮೇಲೆ 2020ರ ಕೊನೆಯಲ್ಲಿ ಎಫ್‌ಸಿ (ಕಾರು ರಸ್ತೆಗೆ ಯೋಗ್ಯವೆನ್ನುವ ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೆ. ಆ ಐದು ವರ್ಷ ಬರುವ ತಿಂಗಳು ಮುಗಿಯುತ್ತದೆ. ಕಳೆದ ಬಾರಿ ಎರಡನೇ ಯೋಚನೆಯನ್ನೇ ಮಾಡದೆ ಆರ್‌ಟಿಒ ಕಚೇರಿಗೆ ಹೋಗಿ ಬಂದವನಿಗೆ ಈ ಬಾರಿ ಮನಸ್ಸು ಡೋಲಾಯಮಾನವಾಗಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಕಾರನ್ನು ಓಡಿಸದವರಿಗಾಗಿ ಎರಡು ಮಾತು. ಇದರಲ್ಲಿರುವುದು ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇರುವ 1.8 ಲೀಟರಿನ ಪೆಟ್ರೋಲ್ ಎಂಜಿನ್. ಪ್ರತಿ ಸಿಲಿಂಡರಿಗೆ ಐದು ವಾಲ್ವ್‌ಗಳಂತೆ, ಗಾಳಿ ಒಳಗೆ ಬರಲು ಮೂರು, ಹೊಗೆ ಹೊರಗೆ ಹೋಗಲು ಎರಡು, ಒಟ್ಟು ಇಪ್ಪತ್ತು ವಾಲ್ವ್‌ಗಳು. ನಮ್ಮ ದೇಶದಲ್ಲಿ ಮಾರಿದ ಆವೃತ್ತಿಗೆ 150 ಅಶ್ವಶಕ್ತಿ ಮತ್ತು 210 ನ್ಯೂಟನ್ ಮೀಟರ್ ಟಾರ್ಕ್ ಇತ್ತು, ಜೊತೆಗೆ ಐದು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಇಂದಿನ ಅಂಕಿಅಂಶಗಳ ಮುಂದೆ ಇವು ದೊಡ್ಡವಲ್ಲವೆಂದು ನನಗೂ ಗೊತ್ತಿದೆ. ಆದರೆ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ, ಹದಿನಾಲ್ಕು ತಿರುವುಗಳ ಆ ದಾರಿಯಲ್ಲಿ, ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಕಾಲಿನ ಭಾರವನ್ನು ಸ್ವಲ್ಪ ಹೆಚ್ಚಿಸಿದರೆ, ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ದೂಡಿದಂತೆ ಮುಂದಕ್ಕೆ ಹೋಗುವ ಗುಣ ಇದಕ್ಕಿದೆ. ಆ ಒಂದು ಕ್ಷಣದ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡು ಕಾಲೂರುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಉಡುಪಿಯಲ್ಲಿರುವ ಅಕ್ಕನ ಮನೆಗೆ ವರ್ಷಕ್ಕೆ ಏಳೆಂಟು ಸಲವಾದರೂ ಹೋಗುತ್ತೇವಾದ್ದರಿಂದ ಆ ಪಾಠ ಮರೆತುಹೋಗಿಲ್ಲ.

ಈಗ ಕಾರಿನ ಸ್ಥಿತಿಗೆ ಬರುತ್ತೇನೆ. ಓಡಿರುವುದು 1,68,000 ಕಿ.ಮೀ. ಬೆಳಗ್ಗೆ ಚಾಲೂ ಮಾಡಿದಾಗ ಎಂಜಿನ್ ಎರಡು ಮೂರು ನಿಮಿಷ ಏರುತ್ತ ಇಳಿಯುತ್ತ ಇರುತ್ತದೆ, ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬರುತ್ತದೆ. ಟರ್ಬೊ ಮೊದಲಿನಷ್ಟು ಬೇಗ ಎದ್ದೇಳುವುದಿಲ್ಲ. ಹಂಪ್ ದಾಟುವಾಗ ಮುಂದಿನ ಎಡಗಡೆಯಿಂದ ‘ಟಕ್’ ಎನ್ನುವ ಸದ್ದು ಬರುತ್ತದೆ. ಜುಲೈಯಲ್ಲಿ ತೀರ್ಥಹಳ್ಳಿಯ ಹತ್ತಿರ ಕಿಡಿ ಕೊಡುವ ಒಂದು ಇಗ್ನಿಷನ್ ಕಾಯಿಲ್ ಸತ್ತು, ಉಳಿದ ಮೂರು ಸಿಲಿಂಡರುಗಳ ಮೇಲೆ ಕುಂಟುತ್ತ ಮನೆ ಸೇರಿದೆವು. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದಾಗ ಟರ್ಬೊ ಬದಲಿಸುವುದೂ ಸೇರಿದಂತೆ 2.4 ಲಕ್ಷ ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಕಾರನ್ನು ಮಾರಿದರೆ ಹಳೆಯ ಕಾರಿನ ವ್ಯಾಪಾರಿಯೊಬ್ಬರು ಕೊಡಲೊಪ್ಪಿದ್ದು 1.75 ಲಕ್ಷ. ದುರಸ್ತಿಯ ವೆಚ್ಚವು ಕಾರಿನ ಬೆಲೆಯನ್ನೇ ಮೀರಿದಾಗ ಜಾಣರಾದವರು ಏನು ಮಾಡುತ್ತಾರೆಂದು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ನನಗೆ ನಾನೇ ಹೇಳಿಕೊಳ್ಳುವುದು ಕಷ್ಟವಾಗಿದೆ.

2025ರ ಅಕ್ಟೋಬರಿನಲ್ಲಿ ಹೊಸ ಆಕ್ಟೇವಿಯಾ ಆರ್‌ಎಸ್ ಬಂದದ್ದನ್ನು ನೋಡಿದೆ. 265 ಅಶ್ವಶಕ್ತಿ, ಶೋರೂಮ್ ಬೆಲೆ 49.99 ಲಕ್ಷ, ದೇಶಕ್ಕೆಲ್ಲ ನೂರೇ ಕಾರು. ಅದು ನಮ್ಮ ಬೀದಿಯ ಮಾತಲ್ಲ, ಬಿಟ್ಟುಬಿಡೋಣ. ನನ್ನ ಕೈಗೆ ಎಟಕುವುದೆಂದರೆ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್. ಅದರ ಶಕ್ತಿಯೂ ನೂರೈವತ್ತೇ, ಟಾರ್ಕ್ ಮಾತ್ರ 250. ಇಪ್ಪತ್ತು ವರ್ಷಗಳ ನಂತರ 300 ಸಿ.ಸಿ. ಚಿಕ್ಕದಾದ ಎಂಜಿನ್ ಅಷ್ಟೇ ಶಕ್ತಿ ಕೊಡುತ್ತದೆ, ಭಾರ ಕಡಿಮೆಯಿದ್ದಾಗ ಎರಡು ಸಿಲಿಂಡರುಗಳನ್ನು ತಾನೇ ಮಲಗಿಸುತ್ತದೆ ಎನ್ನುವುದು ಮೆಚ್ಚಬೇಕಾದ ಸಂಗತಿ. ಭದ್ರಾವತಿ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿದೆ. ಯಾವ ದೂರೂ ಇಲ್ಲ. ದೂರಿಲ್ಲ ಎನ್ನುವುದರ ಆಚೆಗೆ ಹೇಳಲು ಏನೂ ತೋಚದೆ ಮನೆಗೆ ಬಂದೆ. ಆದರೆ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆಯೇ ಶೇ. 17, ಅದರ ಮೇಲೆ ಸೆಸ್, ವಿಮೆ ಬೇರೆ. ನನಗೆ ಸಿಕ್ಕ ಲೆಕ್ಕದ ಪ್ರಕಾರ ಮನೆಗೆ ತರುವಷ್ಟರಲ್ಲಿ ಸುಮಾರು 22 ಲಕ್ಷವಾಗುತ್ತದೆ.

ಮನೆಯಲ್ಲಿ ಇರುವುದು ಇದೊಂದೇ ಕಾರು. ತಾಯಿಗೆ ಎಪ್ಪತ್ತಾರು ವರ್ಷ. ಮಗಳಿಗೆ ಹದಿನೆಂಟು ತುಂಬಿ ಎಲ್‌ಎಲ್ಆರ್ (ಕಲಿಕಾ ಪರವಾನಗಿ) ಬಂದಿದೆ. ಹೆಂಡತಿಯನ್ನು ಕೇಳಿದರೆ, “ಮಾರುವುದಾದರೆ ಮಾರಿ, ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ಎರಡಕ್ಕೂ ನನ್ನನ್ನು ಕಾರಣ ಮಾಡಬೇಡಿ” ಎನ್ನುತ್ತಾಳೆ. ಅನುಭವವಿದ್ದವರು ನೇರವಾಗಿ ಹೇಳಬೇಕೆಂದು ವಿನಂತಿ.

ಗ್ರೀಸ್ ಕೈ (ಬೆಂಗಳೂರು):

ಸರ್, ನಾನು ಇದೇ ವಂಶದ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುತ್ತ ಎರಡು ದಶಕ ಕಳೆದವನು. ನಿಮ್ಮ ಕಾರನ್ನು ನೋಡದೆ ತೀರ್ಪು ಕೊಡುವುದು ಸರಿಯಲ್ಲ, ಆದರೆ ನೀವು ಬರೆದ ಲಕ್ಷಣಗಳನ್ನು ಓದಿದರೆ ಟರ್ಬೊ ಮೇಲೆ ನನಗೆ ಅನುಮಾನವೇ ಬರುವುದಿಲ್ಲ. ಟರ್ಬೊ ಸತ್ತಿದ್ದರೆ ನೀಲಿ ಹೊಗೆ ಬರಬೇಕು, ಆಯಿಲ್ ಕಡಿಮೆಯಾಗಬೇಕು, ಸಿಳ್ಳೆಯಂಥ ಶಬ್ದ ಕೇಳಬೇಕು. ಇವು ಯಾವುವನ್ನೂ ನೀವು ಹೇಳಿಲ್ಲ. ನೀವು ಹೇಳಿದ್ದು ಬೆಳಗಿನ ಏರಿಳಿತ, ಪೆಟ್ರೋಲ್ ವಾಸನೆ, ತಡವಾಗಿ ಏಳುವ ಒತ್ತಡ. ಇವು ಇಪ್ಪತ್ತು ವರ್ಷ ಬಿಸಿಯಲ್ಲಿ ಬೆಂದ ರಬ್ಬರಿನ ಲಕ್ಷಣಗಳು.

ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಕಣ್ಣಿಗೆ ಕಾಣದ ಜಾಗದಲ್ಲಿ ಬ್ರೀದರ್ ಹೋಸ್‌ಗಳ (ಎಂಜಿನ್ನಿನೊಳಗಿನ ಆವಿಯನ್ನು ಒಯ್ಯುವ ರಬ್ಬರ್ ಪೈಪುಗಳ) ಒಂದು ಗೋಜಲಿದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿರುವಂತೆ ಕಾಣುವ ಆ ಪೈಪುಗಳನ್ನು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತವೆ, ಒಳಗೆ ಹಳೆಯ ಜೋನಿಬೆಲ್ಲದಂತೆ ಅಂಟಿದ ಆಯಿಲ್ ಇರುತ್ತದೆ. ಅಲ್ಲಿಂದ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗಿದರೆ ಎಂಜಿನ್ ತಡವರಿಸದೆ ಇನ್ನೇನು ಮಾಡೀತು? ಟರ್ಬೊದ ಹೆಚ್ಚಿನ ಒತ್ತಡವನ್ನು ಹೊರಳಿಸುವ ಡೈವರ್ಟರ್ ವಾಲ್ವ್‌ನ ಒಳಗಿನ ಪೊರೆ ಹರಿದರೂ ಒತ್ತಡ ಸೋರುತ್ತದೆ. ಸ್ಕ್ಯಾನರ್ ಹಾಕಿದಾಗ 17705 ಎಂಬ ಕೋಡ್ ಬಂದಿತ್ತೇ ಎಂದು ಆ ವರ್ಕ್‌ಶಾಪಿನವರನ್ನು ಕೇಳಿ. ಅದು ಟರ್ಬೊಗೂ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್‌ಗೂ ನಡುವೆ ಒತ್ತಡ ಬೀಳುತ್ತಿದೆ ಎಂದು ಹೇಳುವ ಕೋಡ್. ಅದನ್ನು ಓದಿದವರು ನಡುವಿನ ಪೈಪುಗಳನ್ನು ನೋಡಬೇಕೇ ಹೊರತು ಟರ್ಬೊವನ್ನೇ ಇಳಿಸಬಾರದು. ಹೊಗೆ ಹಾಕಿ ಸೋರಿಕೆ ಪತ್ತೆ ಮಾಡುವ ಯಂತ್ರ ಈಗ ಸಾಕಷ್ಟು ಗ್ಯಾರೇಜುಗಳಲ್ಲಿದೆ, ಅರ್ಧ ಗಂಟೆಯ ಕೆಲಸ. ಬೆಳಗಿನ ಪೆಟ್ರೋಲ್ ವಾಸನೆಗೆ ಇನ್ನೊಂದು ಬಡಪಾಯಿ ಕಾರಣವಿರಬಹುದು: ಕೂಲೆಂಟ್ ತಾಪಮಾನದ ಸೆನ್ಸರ್. ಕಪ್ಪು ತಲೆಯ ಹಳೆಯ ಸೆನ್ಸರ್ ಇನ್ನೂ ಇದ್ದರೆ ತೆಗೆದು ಹಸಿರು ತಲೆಯದನ್ನು ಹಾಕಿಸಿ. ಅದು ಸುಳ್ಳು ಹೇಳಿದರೆ ಎಂಜಿನ್ ತಾನಿನ್ನೂ ಚಳಿಯಲ್ಲಿದ್ದೇನೆ ಎಂದು ನಂಬಿ ಪೆಟ್ರೋಲ್ ಸುರಿಯುತ್ತದೆ.

ಇನ್ನು ನಿಜವಾಗಿ ಹೆದರಬೇಕಾದ ಎರಡು ವಿಷಯಗಳಿಗೆ ಬರುತ್ತೇನೆ, ಏಕೆಂದರೆ ಅಂದಾಜು ಪಟ್ಟಿಯಲ್ಲಿ ಇವು ಇದ್ದವೋ ಇಲ್ಲವೋ ನೀವು ಬರೆದಿಲ್ಲ. ಮೊದಲನೆಯದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನಿನ ಓಟಕ್ಕೆ ಹೊಂದುವಂತೆ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಪಟ್ಟಿ. ಕಿಲೋಮೀಟರ್ ಎಷ್ಟೇ ಆಗಿರಲಿ, ಹಾಕಿ ಐದು ವರ್ಷ ದಾಟಿದ್ದರೆ ಬದಲಿಸುವುದು ನನ್ನ ಪದ್ಧತಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಹದಿನಾರಲ್ಲ, ಇಪ್ಪತ್ತು ವಾಲ್ವ್‌ಗಳಿರುವ ಹೆಡ್ ಎಂಬುದನ್ನು ಮರೆಯಬೇಡಿ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದಾದ್ದರಿಂದ ಪಂಪ್, ಟೆನ್ಷನರ್ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಎರಡನೆಯದು ಆಯಿಲ್. ಕೆಳಗಿನ ಆಯಿಲ್ ಪ್ಯಾನ್ ಇಳಿಸಿ, ಆಯಿಲ್ ಹೀರುವ ಪೈಪಿನ ತುದಿಯ ಜಾಲರಿಯನ್ನು ಕಣ್ಣಾರೆ ನೋಡಿ. ಹಿಂದೆ ಯಾವಾಗಲಾದರೂ ಅಗ್ಗದ ಆಯಿಲ್ ಹಾಕಿದ್ದರೆ ಅಥವಾ ಬದಲಿಸುವುದನ್ನು ಮುಂದೂಡಿದ್ದರೆ ಅಲ್ಲಿ ಕಪ್ಪು ಮಡ್ಡಿ ಕಟ್ಟಿರುತ್ತದೆ. ಜಾಲರಿ ಮುಚ್ಚಿದರೆ ಮೊದಲು ಬಲಿಯಾಗುವುದು ಟರ್ಬೊ, ಆಮೇಲೆ ಬೇರಿಂಗ್. ಪ್ಯಾನ್ ಶುದ್ಧವಾಗಿದ್ದು, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಏಳುವ ಒತ್ತಡ) ಒಂದೇ ಸಮ ಇದ್ದರೆ, ಬೀಡು ಕಬ್ಬಿಣದ ಬ್ಲಾಕ್ ಇರುವ ಈ ಎಂಜಿನ್ ಇನ್ನೂ ಒಂದು ಲಕ್ಷ ಕಿಲೋಮೀಟರ್ ಓಡುವುದರಲ್ಲಿ ನನಗೆ ಸಂಶಯವಿಲ್ಲ.

ಎಡಗಡೆಯ ‘ಟಕ್’ ಶಬ್ದ ಚಕ್ರವನ್ನು ಹಿಡಿದಿಡುವ ತೋಳಿನ ರಬ್ಬರ್, ಅಂದರೆ ಲೋವರ್ ಆರ್ಮ್ ಬುಷ್ ಇರಬೇಕು, ಅದು ಸಣ್ಣ ಖರ್ಚು. ಕೊನೆಗೆ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕಡಿಮೆ ಓಡುವ ಹಳೆಯ ಕಾರುಗಳಲ್ಲಿ ಗ್ರಿಪ್ ಸವೆಯುವ ಮೊದಲೇ ರಬ್ಬರ್ ಕಲ್ಲಾಗಿರುತ್ತದೆ. ಮಳೆಗಾಲದ ಘಟ್ಟದಲ್ಲಿ ಆ ಟೈರು ಯಾವ ಎಂಜಿನ್ನಿಗಿಂತಲೂ ದೊಡ್ಡ ವಿಷಯ.

ಲೆಕ್ಕದ ಪುಸ್ತಕ (ಮೈಸೂರು):

ನಮಸ್ಕಾರ. ದುರಸ್ತಿಯ ಖರ್ಚನ್ನು ಕಾರಿನ ಮಾರಾಟ ಬೆಲೆಯ ಜೊತೆ ತೂಗುವುದೇ ತಪ್ಪು ತಕ್ಕಡಿ ಎಂದು ನನ್ನ ಅಭಿಪ್ರಾಯ. 1.75 ಲಕ್ಷಕ್ಕೆ ಮಾರಿ ಆ ಹಣದಲ್ಲಿ ಇಂಥದ್ದೇ ಇನ್ನೊಂದು ಕಾರು ಸಿಗುವುದಾಗಿದ್ದರೆ ಆ ಹೋಲಿಕೆಗೆ ಅರ್ಥವಿರುತ್ತಿತ್ತು. ನೀವು ತೂಗಬೇಕಾದದ್ದು ಮುಂದಿನ ಐದು ವರ್ಷಗಳ ಎರಡು ಖರ್ಚುಗಳನ್ನು. 22 ಲಕ್ಷದ ಕಾರು ಐದು ವರ್ಷಗಳ ನಂತರ 11 ಲಕ್ಷಕ್ಕೆ ಹೋಯಿತೆಂದೇ ಇಟ್ಟುಕೊಳ್ಳಿ, ವರ್ಷಕ್ಕೆ 2.2 ಲಕ್ಷ ರೂಪಾಯಿ ಕರಗಿದಂತಾಯಿತು. ಅದೇ 22 ಲಕ್ಷವನ್ನು ಶೇ. 6.5ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 1.43 ಲಕ್ಷ ಬಡ್ಡಿ. ಇದಕ್ಕೆ ಎದುರಾಗಿ ಹಳೆಯ ಕಾರಿಗೆ ಈಗ ಪೂರ್ತಿ 2.4 ಲಕ್ಷವನ್ನೇ ಹಾಕಿ, ಮುಂದೆ ವರ್ಷಕ್ಕೆ 80,000 ಖರ್ಚು ಮಾಡಿದರೂ ಐದು ವರ್ಷಕ್ಕೆ 6.4 ಲಕ್ಷ ದಾಟುವುದಿಲ್ಲ. ಅಂಕಗಣಿತ ಹಳೆಯ ಕಾರಿನ ಪರವಾಗಿದೆ. ಅದು ಯಾವಾಗಲೂ ಹಾಗೆಯೇ ಇರುತ್ತದೆ ಎನ್ನುವುದೂ ನಿಜ. ಹಾಗಾಗಿ ಈ ಲೆಕ್ಕವನ್ನು ನೋಡಿ ನಿರ್ಧಾರ ಮಾಡುವವರು ಹೊಸ ಕಾರನ್ನು ಕೊಳ್ಳುವುದೇ ಇಲ್ಲ.

ಎರಡು ಸಣ್ಣ ವಿಷಯಗಳನ್ನು ಸೇರಿಸುತ್ತೇನೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿತು. ಹಾಗೆಯೇ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ, 2022ರಲ್ಲಿ ನಿಗದಿಯಾದ ದರದಂತೆ, 1,500 ಸಿ.ಸಿ. ಮೀರಿದ ಕಾರಿಗೆ ವರ್ಷಕ್ಕೆ 7,897 ರೂಪಾಯಿ. ಅದಕ್ಕಿಂತ ಚಿಕ್ಕ ಎಂಜಿನ್ ಇರುವ ನಿಮ್ಮ ವರ್ಟಸ್‌ನಂಥದ್ದಕ್ಕೆ 3,416 ರೂಪಾಯಿ. ದೆಹಲಿಯ ಸುತ್ತಮುತ್ತ ಇರುವ ಹದಿನೈದು ವರ್ಷದ ನಿರ್ಬಂಧವನ್ನು ಇಲ್ಲಿಗೂ ಅನ್ವಯಿಸಿ ಹೆದರಿಸಿ, ಕಡಿಮೆ ಬೆಲೆಗೆ ಕಾರು ಕೀಳುವ ವ್ಯಾಪಾರಿಗಳನ್ನು ನಾನು ನೋಡಿದ್ದೇನೆ. ಕರ್ನಾಟಕದಲ್ಲಿ ಕಾರು ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷ ನವೀಕರಿಸಿಕೊಳ್ಳಬಹುದು.

ನೇತ್ರಾವತಿ ದಡ (ಬೆಳ್ತಂಗಡಿ):

ಇಲ್ಲಿಯವರೆಗೆ ಎಂಜಿನ್ ಮತ್ತು ಹಣದ ಮಾತಾಯಿತು. ನೀವು ಪ್ರಶ್ನೆಯ ಕೊನೆಯಲ್ಲಿ ಬರೆದ ಸಾಲನ್ನು ಮೊದಲು ಬರೆಯಬೇಕಿತ್ತೆಂದು ನನಗನ್ನಿಸುತ್ತದೆ. ಮನೆಯಲ್ಲಿ ಒಂದೇ ಕಾರು, ಹಿಂದಿನ ಸೀಟಿನಲ್ಲಿ ಎಪ್ಪತ್ತಾರು ವರ್ಷದ ತಾಯಿ, ಸ್ಟಿಯರಿಂಗ್ ಹಿಡಿಯಲು ಕಾಯುತ್ತಿರುವ ಹದಿನೆಂಟರ ಮಗಳು. ನಿಮ್ಮ ಕಾರು ಗಟ್ಟಿಯಾದದ್ದು, ಅದರ ಬಾಗಿಲು ಮುಚ್ಚುವ ಸದ್ದು ಕೇಳಿದರೇ ಗೊತ್ತಾಗುತ್ತದೆ, ಒಪ್ಪುತ್ತೇನೆ. ಆದರೆ ಅದು 1996ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ವಿನ್ಯಾಸ. ವರ್ಟಸ್ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆ ಎರಡರಲ್ಲೂ ಐದು ಸ್ಟಾರ್ ಪಡೆದ ಕಾರು. ಈ ಎರಡರ ನಡುವಿನ ವ್ಯತ್ಯಾಸ ಬಾಗಿಲಿನ ಸದ್ದಿನಲ್ಲಿ ಕೇಳಿಸುವುದಿಲ್ಲ.

ನನ್ನ ಮಾವನವರ ಬಳಿ 2001ರ ಹೋಂಡಾ ಸಿಟಿ ವಿಟೆಕ್ ಇತ್ತು. ನಿಮ್ಮ ಹಾಗೆಯೇ ಅವರಿಗೂ ಅದರ ಮೇಲೆ ಜೀವ. ಏಳು ಸಾವಿರ ಆರ್‌ಪಿಎಂ ತನಕ ಏರುವ ಆ ಎಂಜಿನ್ನಿನ ಬಗ್ಗೆ ಊಟದ ಹೊತ್ತಿನಲ್ಲೂ ಮಾತನಾಡುತ್ತಿದ್ದರು. ಒಂದು ನವೆಂಬರ್ ರಾತ್ರಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಮಂಜು ಅಷ್ಟೇನೂ ದಟ್ಟವಾಗಿರಲಿಲ್ಲ. ಆದರೆ ಹೆಡ್‌ಲ್ಯಾಂಪಿನ ಪ್ಲಾಸ್ಟಿಕ್ ಹಳದಿಗಟ್ಟಿ, ಬೆಳಕು ಹತ್ತು ಮಾರಿನ ಆಚೆಗೆ ಹೋಗದೆ, ತಿರುವಿನ ಬಿಳಿ ಗೆರೆ ಚಕ್ರದ ಬುಡಕ್ಕೆ ಬಂದ ಮೇಲೆಯೇ ನಮಗೆ ಕಾಣುತ್ತಿತ್ತು. ಮಾವನವರು, “ನನಗೆ ಈ ದಾರಿ ಬಾಯಿಪಾಠ” ಎಂದರು. ದಾರಿ ಅವರಿಗೆ ಬಾಯಿಪಾಠವಾಗಿದ್ದದ್ದು ನಿಜವೇ, ಆದರೆ ಎದುರಿನಿಂದ ಬರುತ್ತಿದ್ದ ಲೈಟಿಲ್ಲದ ಪಿಕಪ್ ಬಾಯಿಪಾಠವಾಗಿರಲಿಲ್ಲ. ಅಪಾಯವೇನೂ ಆಗಲಿಲ್ಲ, ಕನ್ನಡಿ ಮಾತ್ರ ಹೋಯಿತು. ಮರು ತಿಂಗಳು ಅವರೇ ಕಾರು ಮಾರಿದರು. ಅವರಿಗೆ ಬೇಸರವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಈಗಲೂ ಬೀದಿಯಲ್ಲಿ ಅಂಥ ಕಾರು ಹೋದರೆ ಪೇಪರ್ ಕೆಳಗಿಟ್ಟು ನೋಡುತ್ತಾರೆ.

ನೀವು ಕಾರನ್ನು ಇಟ್ಟುಕೊಳ್ಳಿ ಅಥವಾ ಮಾರಿ, ಅದು ನಿಮಗೆ ಬಿಟ್ಟದ್ದು. ಆದರೆ ಇದನ್ನೇ ಮನೆಯ ಏಕೈಕ ಕಾರಾಗಿ ಉಳಿಸಿಕೊಂಡು, ಇದರಲ್ಲೇ ಮಗಳಿಗೆ ಕಲಿಸುತ್ತೇನೆ ಎಂಬ ಮೂರನೆಯ ದಾರಿ ನಿಮ್ಮ ಮನಸ್ಸಿನಲ್ಲಿದ್ದರೆ ದಯವಿಟ್ಟು ಅದನ್ನು ಬಿಡಿ. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ದೂಡುವ ಕಾರು ನಿಮಗೆ ಒಂದು ಮಳೆಗಾಲ ಪಾಠ ಕಲಿಸಿತೆಂದು ನೀವೇ ಬರೆದಿದ್ದೀರಿ.

ತುಂಗಾತೀರ:

ಮೂವರಿಗೂ ಧನ್ಯವಾದ. ಬೆಳ್ತಂಗಡಿಯ ಸೋದರಿಯವರ ಮಾತು ಓದಿದ ಮೇಲೆ ರಾತ್ರಿ ಕೆಳಗಿಳಿದು ನನ್ನ ಕಾರಿನ ದೀಪ ಹಚ್ಚಿ ಗೋಡೆಯ ಮೇಲೆ ನೋಡಿದೆ. ಬಲಗಡೆಯದು ಎಡಗಡೆಯದಕ್ಕಿಂತ ಗಮನಾರ್ಹವಾಗಿ ಮಂಕಾಗಿದೆ. ಎಷ್ಟು ದಿನಗಳಿಂದ ಹಾಗಿತ್ತೋ, ನಾನು ಗಮನಿಸಿಯೇ ಇರಲಿಲ್ಲ. ಟೈರಿನ ಅಂಕಿಯನ್ನೂ ಓದಿದೆ: 2318. ಅಂದರೆ 2018ರ ಜೂನ್. ಅದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತಿದೆ. ಟೈಮಿಂಗ್ ಬೆಲ್ಟ್ ಹಾಕಿಸಿದ್ದು 2019ರಲ್ಲಿ, ಅಂದಾಜು ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ರೈನ್ ತೀರದ ಕನ್ನಡಿಗ (ಜರ್ಮನಿ):

ನಾನು ಇಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಮೂಲ ಹಾಸನ. ನಿಮ್ಮ ಕಾರಿನ ತಳಹದಿ ನಾಲ್ಕನೇ ತಲೆಮಾರಿನ ಗಾಲ್ಫ್, ಮೊದಲ ಆಡಿ ಎ3, ಆಡಿ ಟಿಟಿ ಇವುಗಳದ್ದೇ ಆದ್ದರಿಂದ ಎಂಜಿನ್ ಮತ್ತು ಸಸ್ಪೆನ್ಷನ್ ಭಾಗಗಳಿಗೆ ಇಲ್ಲಿ ಇನ್ನೂ ಕೊರತೆಯಿಲ್ಲ. ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಬ್ರೀದರ್ ಹೋಸ್‌ಗಳಿಗೆ ಯಾವಾಗಲೂ ಜಾಗವಿರುತ್ತದೆ, ಉಪ್ಪಿನಕಾಯಿ ತರುವುದು ಆ ಕಡೆಯಿಂದ ತಾನೇ. ಕಷ್ಟವಾಗುವುದು ಆರ್‌ಎಸ್‌ಗೆ ಮಾತ್ರ ಸೇರಿದ ಬಂಪರ್, ಸೀಟಿನ ಬಟ್ಟೆ ಮುಂತಾದವು. ಅವನ್ನು ಒಡೆಯದಂತೆ, ಹರಿಯದಂತೆ ನೋಡಿಕೊಳ್ಳಿ.

ಇಲ್ಲಿ ಮೂವತ್ತು ವರ್ಷ ತುಂಬಿದ, ಮೂಲ ಸ್ಥಿತಿಯಲ್ಲಿರುವ ಕಾರಿಗೆ ‘ಎಚ್’ ಅಕ್ಷರವಿರುವ ಐತಿಹಾಸಿಕ ನಂಬರ್ ಪ್ಲೇಟ್ ಕೊಡುತ್ತಾರೆ. 1996ರ ಮೊದಲ ಆಕ್ಟೇವಿಯಾಗಳಿಗೆ 2026ರಲ್ಲಿ ಆ ವಯಸ್ಸು. ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ಬೇಕು. ನಿಮ್ಮ ಕಾರಿಗೆ ಆ ಮರ್ಯಾದೆ ಸಿಗುವುದು 2055ಕ್ಕೆ. ಅಲ್ಲಿಯವರೆಗೆ ಅದು ಸರ್ಕಾರದ ದೃಷ್ಟಿಯಲ್ಲಿ ಬರೀ ಹಳೆಯ ಕಾರು.

ಮಲಪ್ರಭೆ (ಧಾರವಾಡ):

ಯಾರೂ ಪೆಟ್ರೋಲಿನ ಮಾತೆತ್ತಲಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿರುವುದರಿಂದ ಮೈಲೇಜ್ ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆ ರೂಪಿಸಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅದು ಸಹಿಸಬಹುದಾದ ನಷ್ಟ. ಸಹಿಸಲಾಗದ್ದು ಹಳೆಯ ರಬ್ಬರಿನ ಮೇಲೆ ಅದರ ಪರಿಣಾಮ. ಬ್ರೀದರ್ ಹೋಸ್ ಬದಲಿಸುವಾಗಲೇ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪೆಟ್ರೋಲ್ ಹೋಸ್‌ಗಳನ್ನು ಎಥನಾಲ್ ತಡೆಯುವ ಗುಣಮಟ್ಟದವುಗಳಿಗೆ ಬದಲಿಸಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಅರ್ಧ ತುಂಬಿದ ಟ್ಯಾಂಕಿನೊಂದಿಗೆ ಕಾರನ್ನು ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಓಡಿಸಲಾಗದಿದ್ದರೆ ‘ಎರಡನೇ ಕಾರಾಗಿ ಇಟ್ಟುಕೊಳ್ಳುತ್ತೇನೆ’ ಎನ್ನುವುದು ಕಾರನ್ನು ನಿಧಾನವಾಗಿ ಕೊಲ್ಲುವ ವಿಧಾನವಾಗುತ್ತದೆ. ನನ್ನ ಚಿಕ್ಕಪ್ಪನವರ ಪಡಸಾಲೆಯ ಪಕ್ಕದಲ್ಲಿ ಅಂಥದ್ದೊಂದು ಕಾರು ಹೊದಿಕೆಯೊಳಗೆ ಎಂಟು ವರ್ಷದಿಂದ ಇದೆ. ಅದನ್ನು ಮಾರುವುದಿಲ್ಲ, ಓಡಿಸುವುದೂ ಇಲ್ಲ. ಬೆಕ್ಕು ಮರಿ ಹಾಕುತ್ತದೆ.

ತುಂಗಾತೀರ:

ಎಲ್ಲರ ಸಲಹೆಯನ್ನೂ ಕಾಗದದ ಮೇಲೆ ಬರೆದುಕೊಂಡು, ಹೋದ ಶನಿವಾರ ಕಾರನ್ನು ಬೇರೊಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಹೊಗೆ ಹಾಕಿದ ಎರಡೇ ನಿಮಿಷದಲ್ಲಿ ಮ್ಯಾನಿಫೋಲ್ಡಿನ ಅಡಿಯಿಂದ ದೇವರ ಮನೆಯ ಊದುಬತ್ತಿಯಂತೆ ಬೆಳ್ಳಗೆ ಏಳತೊಡಗಿತು. ಮೆಕ್ಯಾನಿಕ್ ಕೈ ಹಾಕಿ ಹೊರತೆಗೆದ ಹೋಸ್ ನನ್ನ ಅಂಗೈಯಲ್ಲಿ ಮೂರು ತುಂಡಾಯಿತು. ಸೆನ್ಸರ್ ಕಪ್ಪು ತಲೆಯದೇ ಆಗಿತ್ತು. ಆಯಿಲ್ ಪ್ಯಾನ್ ಇಳಿಸಿದಾಗ ಜಾಲರಿಯ ಕಾಲು ಭಾಗದಷ್ಟು ಮಾತ್ರ ಮಡ್ಡಿಯಿತ್ತು, ತೊಳೆದು ಹಾಕಿದರು. ನಾಲ್ಕು ಸಿಲಿಂಡರುಗಳ ಕಂಪ್ರೆಷನ್ ಸಮನಾಗಿದೆ, ಟರ್ಬೊ ಶಾಫ್ಟಿನಲ್ಲಿ ಆಟವಿಲ್ಲ. ಬೆಲ್ಟ್, ವಾಟರ್ ಪಂಪ್, ಎಲ್ಲ ಹೋಸ್‌ಗಳು, ಬುಷ್, ನಾಲ್ಕು ಕಾಯಿಲ್ ಮತ್ತು ನಾಲ್ಕು ಹೊಸ ಟೈರು ಸೇರಿ 1.32 ಲಕ್ಷ ಆಗುತ್ತದೆ ಎಂದಿದ್ದಾರೆ. ಒಪ್ಪಿದ್ದೇನೆ.

ಆದರೆ ಬೆಳ್ತಂಗಡಿಯಿಂದ ಬಂದ ಮಾತನ್ನೂ ತಳ್ಳಿಹಾಕಲಾಗಲಿಲ್ಲ. ಹೊಸ ವರ್ಟಸ್ ಕೊಳ್ಳುವ ಯೋಚನೆಯನ್ನು ಬಿಟ್ಟಿದ್ದೇನೆ. ಅದು ನನ್ನ ಆಸೆಯನ್ನು ಮನೆಯವರ ಅಗತ್ಯದ ಹೆಸರಿನಲ್ಲಿ ತೀರಿಸಿಕೊಳ್ಳುವ ದಾರಿಯಾಗಿತ್ತೆಂದು ಈಗ ತೋರುತ್ತದೆ. ಅದರ ಅರ್ಧದಷ್ಟು ಹಣದಲ್ಲಿ, ಆರು ಏರ್‌ಬ್ಯಾಗ್ ಮತ್ತು ಐದು ಸ್ಟಾರ್ ಇರುವ ಒಂದು ಚಿಕ್ಕ ಕಾರನ್ನು ಮಗಳ ಕಲಿಕೆಗೆ ಮತ್ತು ಅಮ್ಮನ ಆಸ್ಪತ್ರೆ ಓಡಾಟಕ್ಕೆ ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಉಡುಪಿಗೆ ಎಲ್ಲರೂ ಹೋಗುವಾಗ ಅದರಲ್ಲೇ ಹೋಗುವುದು. ಹೆಂಡತಿ ಇದಕ್ಕೂ ತಾನು ಕಾರಣಳಲ್ಲವೆಂದು ಹೇಳಿದ್ದಾಳೆ, ಆದರೆ ಬಣ್ಣವನ್ನು ಆಗಲೇ ಆರಿಸಿದ್ದಾಳೆ. ಆರ್‌ಎಸ್ ವಾರಕ್ಕೊಮ್ಮೆ ತೀರ್ಥಹಳ್ಳಿಯವರೆಗೆ ಹೋಗಿ ಬರುತ್ತದೆ, ಬೆಕ್ಕಿಗೆ ಅವಕಾಶ ಕೊಡುವುದಿಲ್ಲ. ಮುಂದಿನ ಐದು ವರ್ಷಗಳಾದ ಮೇಲೆ ಮತ್ತೆ ಎಫ್‌ಸಿ ಮಾಡಿಸುತ್ತೇನೆಂದು ಮಾತ್ರ ಈಗ ಯಾರಿಗೂ ಭಾಷೆ ಕೊಟ್ಟಿಲ್ಲ.

ಆರ್‌ಟಿಒ ತಪಾಸಣೆಗೆ ಡಿಸೆಂಬರ್ ಮೊದಲ ವಾರ ಹೋಗಬೇಕು. ಹೆಡ್‌ಲ್ಯಾಂಪನ್ನು ಉಜ್ಜಿ ಪಾಲಿಶ್ ಮಾಡಿಸಿದರೂ ಬಲಗಡೆಯದರ ಒಳಗಿನ ಪ್ರತಿಫಲಕವೇ ಮಂಕಾಗಿರುವುದರಿಂದ ಬೆಳಕು ಸುಧಾರಿಸಲಿಲ್ಲ. 2001ರಿಂದ 2010ರ ನಡುವಿನ ಆಕ್ಟೇವಿಯಾದ ಬಲಗಡೆಯ ಹೆಡ್‌ಲ್ಯಾಂಪ್, ಗಾಜು ಮತ್ತು ಹಿಡಿಕೆಗಳು ಒಡೆಯದೇ ಇರುವಂಥದ್ದು, ಯಾರ ಬಳಿಯಾದರೂ ಅಥವಾ ನಿಮಗೆ ಗೊತ್ತಿರುವ ಗುಜರಿಯಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.